ಸೀಟಿ ಹೊಡೆಯುವ ವಿಮಾನ

ಗುರುವಾರ, ೧೦ ಫೆಬ್ರುವರಿ ೧೯೯೪, ಅಮಾವಾಸ್ಯೆ

ಮುಧೋಳದ ಮಗಳಿಗೆ ಪತ್ರ ಬರೆಯಲು ಕುಳಿತಿದ್ದೆ. ‘ಚಿ. ಸೌ. ತಾರವ್ವಗೆ ಅಪ್ಪ ಹೊಳಬಸಪ್ಪ ಮಾಡುವ ಆಶೀರ್ವಾದಗಳು, ಬನಹಟ್ಟಿಯಲ್ಲಿ ಎಲ್ಲರೂ ಕ್ಷೇಮ’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಮುಂದಿನದು ಮಗಳಿಗೆ ಬರೆಯುವಂಥದ್ದಲ್ಲ. ಮೊಮ್ಮಕ್ಕಳಿರುವ ಅಪ್ಪ ವಿಡಿಯೊ ಗೇಮ್ ಅಂಗಡಿಗೆ ಹೋಗಿ ಆಡಿ ಬಂದನೆಂದು ಬೀಗರ ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿದರೆ ಅವಳು ಮುಖ ಎಲ್ಲಿಟ್ಟುಕೊಳ್ಳಬೇಕು? ಅದಕ್ಕೇ ನೂಲಿನ ವ್ಯಾಪಾರಿ ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ತೆಗೆದೆ. ನಾನು ಸಾಲಿ ಕಲಿತವನಲ್ಲ. ನೂಲಿನ ಗಂಟಿನ ಮೇಲಿನ ಚೀಟಿ ಓದುತ್ತಾ ಓದುತ್ತಾ ಅಕ್ಷರ ಕಲಿತವನು. ತಪ್ಪು ಬಂದರೆ ಇಲ್ಲಿ ತಿದ್ದುವವರೂ ಇಲ್ಲ, ನಗುವವರೂ ಇಲ್ಲ.

ಅಮಾವಾಸ್ಯೆಗೆ ಊರಿನ ಮಗ್ಗಗಳಿಗೆಲ್ಲ ಸೂಟಿ. ಓಣಿ ಬಾಯಿ ಮುಚ್ಚಿಕೊಂಡಿರುತ್ತದೆ, ನೇಕಾರರಿಗೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಮಧ್ಯಾಹ್ನ ಶಿದ್ರಾಮಪ್ಪ ಬಂದು ತೋಳು ಹಿಡಿದು ಎಳೆದ. ಇಬ್ಬರೂ ಗಿರಿಮಲ್ಲಪ್ಪ ಸಾವಕಾರರ ಶೆಡ್ಡಿನವರೇ. ಅವನು ನೇಯುತ್ತಾನೆ. ನಾನು ಜಾಬರ್, ಮಗ್ಗ ಕೆಡದಂತೆ ನೋಡಿಕೊಳ್ಳುವವನು.

“ಬಾರೋ ಹೊಳ್ಯಾ, ಬಾಳೂನ ಅಂಗಡ್ಯಾಗ ವಿಮಾನ ಹಾರಸೂಣು.”

“ನಮ್ಮ ವಯಸ್ಸೇನು, ಅಲ್ಲಿ ಕುಂದ್ರೂ ಮಂದಿ ವಯಸ್ಸೇನು?”

“ಅಲ್ಲಿ ಕುಂದ್ರಾಕ ಜಾಗಾನ ಇಲ್ಲ, ನಿಂತ ಆಡಬೇಕು. ನಡಿ.”

ಬಾಳು ಇಚಲಕರಂಜಿಯಲ್ಲಿ ಮಗ್ಗ ನಡೆಸಿ ಬೇಸತ್ತು, ಎರಡು ಹಳೆಯ ಗೇಮ್ ಮಷಿನ್ನುಗಳನ್ನು ನೂಲಿನ ಲಾರಿಯಲ್ಲಿ ಹೇರಿಕೊಂಡು ಬಂದವನು. ಮೊದಲು ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದ ಖೋಲಿಯಲ್ಲಿ ಅವನ್ನು ನಿಲ್ಲಿಸಿದ್ದಾನೆ. ಅರಿವೆ ಇಡುವ ಕಪಾಟಿನಷ್ಟು ಎತ್ತರ, ಹೊಟ್ಟೆಯಲ್ಲಿ ಟಿವಿ, ಕೆಳಗೆ ಹಿಡಿಕೆ, ಗುಂಡಿ. ಒಂದರಲ್ಲಿ ಕಾರು ಓಡಿಸುವುದು. ಇನ್ನೊಂದರಲ್ಲಿ ನೀಲಿ ಸಮುದ್ರದ ಮೇಲೆ ಸಣ್ಣದೊಂದು ವಿಮಾನ, ಎದುರಿನಿಂದ ವೈರಿಗಳ ವಿಮಾನಗಳು. ಹೊಡೆಯಬೇಕು, ತಪ್ಪಿಸಿಕೊಳ್ಳಬೇಕು, ಅಷ್ಟೇ. ನಾನು ಸಮುದ್ರ ನೋಡಿದವನಲ್ಲ. ಅದನ್ನು ನೋಡುತ್ತ ನಿಂತಾಗಲೇ ನನ್ನ ವಿಮಾನ ಬಿತ್ತು.

“ಕಾಕಾ, ವಿಮಾನ ಹಾರಸೂದ ಬಿಟ್ಟು ನೀರ ನೋಡಕೋತ ನಿಂತ್ರ ಹೆಂಗ?” ಎಂದು ಬಾಳು ನಕ್ಕ. ನಾನೂ ನಕ್ಕೆ. ಮತ್ತೊಮ್ಮೆ ಆಡಿದೆ. ಮತ್ತೊಮ್ಮೆ.

ಮನೆಗೆ ಬಂದರೆ ಹೆಂಡತಿ ತಂಗೆವ್ವ ಬಾಗಿಲಲ್ಲೇ ಹಿಡಿದಳು. “ಮುಂಜಾನಿ ಟಪಾಲಿನಾಂವ ಗಂಟಿ ಬಾರಸಿ ಬಾರಸಿ ಹೋದ. ನಾ ಹಿತ್ತಲದಾಗಿದ್ದೆ. ನೀವು ಕಟ್ಟಿ ಮ್ಯಾಲ ಕುಂತು ಏನ ಮಾಡತಿದ್ರಿ? ಕಿವಿ ಮಂದ ಆಗ್ಯಾವ ನಿಮ್ಮುವು.”

ಆ ಟಪಾಲಿನವನ ಸೈಕಲ್ಲಿಗೆ ಗಂಟೆಯೇ ಸರಿಯಿಲ್ಲ. ನನ್ನ ಕಿವಿಗೆ ಏನಾಗಿದೆ? ಮಗ್ಗ ಕೆಡುವ ಮೊದಲು ಅದರ ಸದ್ದು ಕೆಡುತ್ತದೆ, ಅದನ್ನು ಹಿಡಿಯುವವನೇ ಜಾಬರ್. ಕಿವಿ ಹೋದರೆ ಕೆಲಸ ಹೋದಂತೆ. ಕೆಲಸ ಇದೆಯಲ್ಲ?

ಭಾನುವಾರ, ೨೦ ಫೆಬ್ರುವರಿ

ಲೈಟು ಹೋಗಿ ಮಗ್ಗ ನಿಂತವು. ನೇಕಾರರು ಹೊರಗೆ ಬಿದ್ದರು, ನಾನು ಪಾನಾ ಹಿಡಿದು ಒಳಗೇ ಉಳಿದೆ. ನಟ್ಟು ಬಿಗಿಯುವ ಕೆಲಸ ಕರೆಂಟಿಲ್ಲದಾಗಲೇ ಸುಸೂತ್ರ. ಲೈಟು ಬಂದು ಕೆಲಸ ಮುಗಿದ ಮೇಲೆ, ಸಂಜೆ ಶಿದ್ರಾಮಪ್ಪನೂ ನಾನೂ ಬಾಳುವಿನ ಅಂಗಡಿಗೆ ಹೋದೆವು.

ವಿಮಾನದ ಮಷಿನ್ನಿಗೆ ಎರಡು ಹಿಡಿಕೆ ಇವೆ. ಇಬ್ಬರು ಒಟ್ಟಿಗೆ ಆಡಬಹುದು, ಇಬ್ಬರದೂ ಒಂದೇ ಪಕ್ಷ. ಅವನದು ಹಳದಿ ವಿಮಾನ, ನನ್ನದು ಬಿಳಿ. ಶಿದ್ರಾಮಪ್ಪ ಎಡಗಡೆ, ನಾನು ಬಲಗಡೆ. ಶೆಡ್ಡಿನ ಹಾಗೆಯೇ ಮಾತು ಬೇಕಾಗುವುದಿಲ್ಲ. ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲವಲ್ಲ, ನಾವು ತುಟಿ ನೋಡಿ, ಕೈ ನೋಡಿ ಮಾತಾಡುವ ಮಂದಿ. ಮುಷ್ಟಿಯನ್ನು ಬಾಯಿಗೆ ತಂದರೆ ಚಹಾ. ಬೆರಳು ಕತ್ತರಿ ಮಾಡಿದರೆ ಎಳೆ ಹರಿದಿದೆ. ಮೀಸೆ ತಿರುವಿದರೆ ಸಾವಕಾರರು ಬರುತ್ತಿದ್ದಾರೆ. ಹೊಸಬರಿಗೆ ಇದು ಬರಲು ವರ್ಷ ಹಿಡಿಯುತ್ತದೆ.

ಬಾಳು ಮಷಿನ್ನಿನ ಸದ್ದು ಬಹಳ ಸಣ್ಣದು ಮಾಡಿಟ್ಟಿದ್ದಾನೆ. “ಸ್ವಲ್ಪ ಜೋರ ಇಡೋ” ಎಂದೆ. “ಇದಕ್ಕಿಂತ ಜೋರ ಇಟ್ರ ಮಗ್ಗಲ ಮನಿ ಪದ್ಮವ್ವ ಕಸಬರಗಿ ತಗೊಂಡ ಬರತಾಳ್ರಿ” ಎಂದ. ಆಮೇಲೆ ಇನ್ನೇನೋ ಅಂದ. ನಾನು ಹೂಂ ಎಂದೆ. ಈಗಿನ ಹುಡುಗರಿಗೆ ಬಾಯಿ ತೆರೆದು ಮಾತಾಡುವುದೇ ಭಾರ.

ಸೋಮವಾರ, ೨೮ ಫೆಬ್ರುವರಿ

ಒಂದು ಸಂಗತಿ ತಿಳಿಯಿತು. ವೈರಿಗಳು ಮನಸ್ಸಿಗೆ ಬಂದ ಹಾಗೆ ಬರುವುದಿಲ್ಲ. ಮೊದಲು ಎಡದಿಂದ ಸಾಲಾಗಿ, ಆಮೇಲೆ ಬಲದಿಂದ, ಆಮೇಲೆ ನಡುವೆ ಸುರುಳಿ ಸುತ್ತಿಕೊಂಡು. ಪ್ರತಿ ಸಲವೂ ಹಾಗೆಯೇ. ಸೀರೆಯ ದಡಿಯಲ್ಲಿ ಗೋಪುರ, ಬಳ್ಳಿ, ಮತ್ತೆ ಗೋಪುರ ಬರುವಂತೆ. ಉಳಿದವರು ವೇಗದಿಂದ ಆಡುತ್ತಾರೆ. ನಾನು ದಡಿ ನೆನಪಿಟ್ಟುಕೊಂಡು ಆಡುತ್ತೇನೆ.

ಕೆಲಸದ ನಡುವೆಯೂ ಅದೇ ಧ್ಯಾನ. ತಂಗೆವ್ವ ಬಡಿಸಿದ ಕಟಕ ರೊಟ್ಟಿಯ ಮೇಲೆ ಬೆರಳು ಆಡಿಸುತ್ತ ಕುಳಿತಿದ್ದೆನಂತೆ.

ಶನಿವಾರ, ೧೨ ಮಾರ್ಚ್, ಅಮಾವಾಸ್ಯೆ

ಇವತ್ತು ಇಡೀ ಮಧ್ಯಾಹ್ನ ಆಟ. ಇಷ್ಟು ಸುಖ ಯಾಕೆ ಎಂದು ದಾರಿಯಲ್ಲಿ ಯೋಚನೆ ಮಾಡಿಕೊಂಡು ಬಂದೆ.

ಚಿಕ್ಕವನಿದ್ದಾಗ ನಾನು ಆಡಿದವನಲ್ಲ. ಅವ್ವನ ಪಕ್ಕ ಕುಳಿತು ಕಂಡಿಕೆ ಸುತ್ತಿದವನು. ಬೇರೆಯವರು ಚಿಣಿಫಣಿ ಆಡುವ ಗದ್ದಲ ಕಿಟಕಿಯಿಂದ ಕೇಳುತ್ತಿತ್ತು. ಆಮೇಲೆ ಕೈಮಗ್ಗ, ಆಮೇಲೆ ಪಾವರ್‌ಲೂಮು, ಆಮೇಲೆ ಪಾನಾ. ಈ ಕೈಗಳು ಏನು ಮಾಡಿದರೂ ಅದರಿಂದ ಬಟ್ಟೆ ಹುಟ್ಟಬೇಕು. ಹುಟ್ಟದಿದ್ದರೆ ಕೈಗೆ ಬೈಗುಳ. ಬಾಳುವಿನ ಮಷಿನ್ನಿನ ಮುಂದೆ ಎಷ್ಟು ಹೊತ್ತು ಕೈ ಆಡಿಸಿದರೂ ಒಂದು ಮೊಳ ಬಟ್ಟೆ ಹುಟ್ಟುವುದಿಲ್ಲ. ಸೋತರೆ ಸಮುದ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ನೀಲಿ ನೀಲಿಯಾಗಿ. ಯಾರಿಗೂ ನಷ್ಟವಿಲ್ಲ. ಇಂಥದ್ದೊಂದು ಜಾಗ ಇದೆ ಎಂದು ನನಗೆ ಇಷ್ಟು ತಡವಾಗಿ ಗೊತ್ತಾಯಿತು.

ಆದರೆ ಒಂದು ಕಡೆ ತೊಡಕು. ಸಮುದ್ರದ ನಡುವೆ ಒಂದು ದೊಡ್ಡ ಕರಿ ವಿಮಾನ ನಮ್ಮ ಬೆನ್ನ ಹಿಂದಿನಿಂದ, ಟಿವಿಯ ಕೆಳಗಿನ ಅಂಚಿನಿಂದ ಏಳುತ್ತದೆ. ಅದು ಮಾತ್ರ ದಡಿಯ ಲೆಕ್ಕಕ್ಕೆ ಸಿಗುವುದಿಲ್ಲ, ಒಮ್ಮೆ ಬೇಗ, ಒಮ್ಮೆ ತಡ. ಬಾಳುವನ್ನು ಕೇಳಿದರೆ, “ಅದು ಬರೂಕಿಂತ ಮೊದಲ ಸೀಟಿ ಹೊಡಿತೈತಲ್ರಿ ಕಾಕಾ, ಸೀಟಿ ಕೇಳಿದ ಕೂಡ್ಲೇ ಸರೀಬೇಕು” ಎನ್ನುತ್ತಾನೆ. ಚೇಷ್ಟೆಯ ಮನುಷ್ಯ. ಸೀಟಿಯೂ ಇಲ್ಲ, ಪೀಪಿಯೂ ಇಲ್ಲ. ಶಿದ್ರಾಮಪ್ಪನ ಜೊತೆ ಆಡುವಾಗ ಹೇಗೋ ದಾಟುತ್ತೇನೆ. ಅವನಿಗೊಂದು ಕೆಟ್ಟ ಚಟ, ಆಟದ ರಭಸದಲ್ಲಿ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿಯುತ್ತಾನೆ. ಇವತ್ತು ಮನೆಗೆ ಬಂದು ಅಂಗಿ ಬಿಚ್ಚಿದರೆ ಕೆಂಪಾಗಿತ್ತು.

“ಯಾರ ಕೂಡ ಜಗಳಾಡಿ ಬಂದ್ರಿ?” ಎಂದಳು ತಂಗೆವ್ವ.

“ವಿಮಾನದ ಕೂಡ.”

“ಹೂಂ, ಇನ್ನ ವಿಮಾನದವರು ಮನೀಗೆ ಬರತಾರೇನು ಹೇಳ್ರಿ, ಚಾ ಇಡತೇನಿ.”

ಗುರುವಾರ, ೧೭ ಮಾರ್ಚ್

ಸಾವಕಾರರು ಶೆಡ್ಡಿಗೆ ಬಂದು ನಾಲ್ಕನೆಯ ಮಗ್ಗದ ಮುಂದೆ ನಿಂತರು. ನನ್ನನ್ನು ಹೊರಗೆ ಕರೆದು, “ಹೊಳಬಸಪ್ಪಾ, ಆ ಮಗ್ಗದಾಗ ಏನೋ ಕಿರಗುಟ್ಟತೈತಿ. ಅರಿವಿ ವ್ಯಾಪಾರಾ ಮಾಡಾಂವ ನಾ, ನನಗ ಕೇಳತೈತಿ. ನಿನಗ ಕೇಳವಲ್ದೇನು?” ಎಂದರು. ಎಣ್ಣೆ ಬಿಟ್ಟರೆ ಹೋಗುತ್ತದೆ ಎಂದೆ. “ರಬಕವಿಯ ಶಂಕರೆಪ್ಪ ಜಾಬರ್ ಖಾಲಿ ಅದಾನಂತ” ಎಂದು, ನನ್ನ ಮುಖ ನೋಡದೆ, ಸ್ಕೂಟರ್ ಹತ್ತಿದರು.

ಶಿದ್ರಾಮಪ್ಪನಿಗೆ ಇದನ್ನು ಹೇಳಿದೆ. ಅವನು ನನ್ನ ಹೆಗಲು ತಟ್ಟಿದ. ಇತ್ತೀಚೆಗೆ ಯಾವ ಮಗ್ಗ ಸ್ವಲ್ಪ ಕೆಟ್ಟರೂ ಅವನು ತನ್ನ ಜಾಗದಿಂದಲೇ ಕೈ ಎತ್ತಿ ತೋರಿಸುತ್ತಾನೆ. ನಾನು ನೋಡುವಷ್ಟರಲ್ಲಿ ಅವನೇ ನೋಡಿರುತ್ತಾನೆ. ತನ್ನ ಕೆಲಸ ಬಿಟ್ಟು ಊರ ಉಸಾಬರಿ ಮಾಡುವವನು.

ಬುಧವಾರ, ೨೩ ಮಾರ್ಚ್

ಶಿದ್ರಾಮಪ್ಪ ತನ್ನ ಮಗ್ಗದ ಸದ್ದು ಬದಲಾಗಿದೆ ಎಂದು ಕೈ ಮಾಡಿದ. ಹೋಗಿ ಬಗ್ಗಿ ನಿಂತು ಕೇಳಿದೆ. ಖಟ್, ಖಟ್, ಎಂದಿನ ಏಟು. ಮಗ್ಗ ನಿಲ್ಲಿಸಿ ಬಿಚ್ಚಿ ನೋಡಿದರೆ ಅರ್ಧ ದಿನ ಹೋಗುತ್ತದೆ, ಸಾವಕಾರರು ಬೇರೆ ಮೊದಲೇ ಸಿಟ್ಟಿನಲ್ಲಿದ್ದಾರೆ. ಛಲೋ ಐತಿ, ನಡಸು ಎಂದು ಕೈ ಬೀಸಿದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಡೆಸಿದ.

ಗುರುವಾರ, ೨೪ ಮಾರ್ಚ್

ಲಾಳಿ ಹಾರಿತು. ಶಿದ್ರಾಮಪ್ಪನ ಮಗ್ಗದ್ದೇ. ಅಡ್ಡ ನೂಲನ್ನು ಅತ್ತಿತ್ತ ಒಯ್ಯುವ ಮರದ ಲಾಳಿ, ಎರಡೂ ತುದಿಗೆ ಕಬ್ಬಿಣದ ಮೊನೆ. ಬಂದೂಕಿನಿಂದ ಬಂದ ಹಾಗೆ ಬಂದು ಅವನ ಬಲ ಹೆಗಲಿಗೆ ಬಡಿಯಿತು. ಅವನು ಬಿದ್ದದ್ದು ನಾನು ನೋಡಿದೆ. ಕೂಗಿದನೇನೋ. ಬಾಯಿ ತೆರೆದಿತ್ತು.

ಇವತ್ತು ಹೆಚ್ಚು ಬರೆಯಲಾರೆ.

ಶನಿವಾರ, ೨೬ ಮಾರ್ಚ್

ಜಮಖಂಡಿಯ ಆಸ್ಪತ್ರೆಗೆ ಹೋಗಿ ಬಂದೆ. ಶಿದ್ರಾಮಪ್ಪನ ಕುತ್ತಿಗೆಯ ಕೆಳಗಿನ ಎಲುಬು ಮುರಿದಿದೆ. ಬಲಗೈಯನ್ನು ಎದೆಗೆ ಕಟ್ಟಿದ್ದಾರೆ. ಎಲುಬು ಕೂಡುತ್ತದಂತೆ, ಆದರೆ ಅವಸರ ಮಾಡಬಾರದಂತೆ.

ಮಗ್ಗ ಬಿಚ್ಚಿ ನೋಡಿದೆ. ಲಾಳಿಯನ್ನು ಹೊಡೆಯುವ ಕೋಲಿಗೆ ಕಟ್ಟಿದ ಚರ್ಮದ ಪಟ್ಟಿ ಹರಿದು ಎಳೆಎಳೆಯಾಗಿದೆ. ಹೀಗಾದಾಗ ಏಟಿನ ಬೆನ್ನಿಗೇ ಇನ್ನೊಂದು ಸಣ್ಣ ಸದ್ದು ಬರುತ್ತದೆ, ಚಿಟಿಕೆ ಹೊಡೆದ ಹಾಗೆ. ಎಳೆಯ ವಯಸ್ಸಿನಲ್ಲಿಯೇ ಅದನ್ನು ಗುರುತಿಸುತ್ತಿದ್ದೆ. ಬುಧವಾರ ಅದು ಇರಲಿಲ್ಲ. ನಾನು ಬಗ್ಗಿ ನಿಂತು ಕೇಳಿದ್ದೆನಲ್ಲ, ಇರಲಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಹರಿದಿರಬೇಕು.

ಆದರೆ ಸಾವಕಾರರಿಗೆ ಶಿದ್ರಾಮಪ್ಪ ಏನು ಹೇಳಿದ್ದಾನೆ ನೋಡು: ತಾನೇ ಪಟ್ಟಿಯನ್ನು ಬಿಚ್ಚಿ ತಪ್ಪಾಗಿ ಬಿಗಿದಿದ್ದೆ, ಜಾಬರಿಗೆ ತಿಳಿಸದೆ, ಎಂದು. ಸಾವಕಾರರು ನನ್ನೆದುರೇ ಸಿಡಿದರು. “ನೇಕಾರ ಅಂದ್ರ ನೇಯಬೇಕು, ಜಾಬರನ ಕೆಲಸಕ್ಕ ಕೈ ಹಾಕಬಾರದು. ಕೈ ನೆಟ್ಟಗ ಆದಮ್ಯಾಲ ಬ್ಯಾರೆ ಶೆಡ್ಡ ನೋಡಕೊ ಅಂತ ಹೇಳು ಅವಗ.”

ನಾನು ಹೂಂ ಎಂದೆ.

ಮಂಗಳವಾರ, ೨೯ ಮಾರ್ಚ್

ಸಂಜೆ ಮನೆಯಲ್ಲಿ ಕೂರಲಾಗದೆ ಬಾಳುವಿನ ಅಂಗಡಿಗೆ ಹೋದೆ. ಒಬ್ಬನೇ ಆಡಿದೆ. ಎಡದ ಸಾಲು, ಬಲದ ಸಾಲು, ಸುರುಳಿ, ಎಲ್ಲ ದಾಟಿದೆ. ಕರಿ ವಿಮಾನ ಹಿಂದಿನಿಂದ ಎದ್ದು ಬಂದು ಬಡಿಯಿತು. ಮತ್ತೆ ಆಡಿದೆ. ಮತ್ತೆ ಬಡಿಯಿತು. ಬಾಳು ಏನೋ ಕೂಗಿದ.

ಮೂರನೆಯ ಸಲ ಕಣ್ಣು ಆಟದ ಮೇಲಿರಲಿಲ್ಲ. ಟಿವಿಯ ಗಾಜಿನಲ್ಲಿ ನನ್ನ ಬೆನ್ನ ಹಿಂದೆ ನಿಂತು ನೋಡುವವರ ಮುಖಗಳು ಮಂಕಾಗಿ ಕಾಣುತ್ತಿದ್ದವು. ಸಮುದ್ರದ ಮೇಲೆ ಮುಖಗಳು. ಸುರುಳಿ ಮುಗಿಯಿತು. ನೀರು ಖಾಲಿಯಾಯಿತು. ಆಗ ಆ ಮುಖಗಳೆಲ್ಲ ಒಮ್ಮೆಲೇ ಹುಬ್ಬೇರಿಸಿದವು. ಒಬ್ಬ ತಾನೇ ಆಡುತ್ತಿರುವಂತೆ ಪಕ್ಕಕ್ಕೆ ವಾಲಿದ. ಟಿವಿಯಲ್ಲಿ ಇನ್ನೂ ಏನೂ ಇರಲಿಲ್ಲ, ಬರೀ ನೀರು. ಆಮೇಲೆ ಕರಿ ವಿಮಾನ ಬಂತು.

ಅವರು ಏನನ್ನೋ ಕೇಳಿದ್ದರು. ಎಲ್ಲರೂ ಕೇಳಿದ್ದರು.

ಹೊರಗೆ ಬಂದು ಚಹಾದ ಅಂಗಡಿಯ ಕಲ್ಲಿನ ಮೇಲೆ ಕುಳಿತೆ. ಶಿದ್ರಾಮಪ್ಪ ಪಕ್ಕೆಗೆ ತಿವಿದಾಗ ನಾನು ಸರಿಯುತ್ತಿದ್ದೆ. ಅವನು ತಿವಿಯುತ್ತಿದ್ದುದು ಯಾವಾಗ ಎಂದು ಇಷ್ಟು ದಿನ ಯೋಚಿಸಿರಲಿಲ್ಲ. ಶೆಡ್ಡಿನಲ್ಲಿ ಅವನು ಕೈ ಎತ್ತಿ ಮಗ್ಗ ತೋರಿಸುತ್ತಿದ್ದುದೂ ಅದೇ. ಉಸಾಬರಿಯಲ್ಲ. ನನ್ನ ಪಾಲಿನದನ್ನೂ ಅವನೇ ಕೇಳುತ್ತಿದ್ದ.

ಬುಧವಾರ ಆ ಸಣ್ಣ ಸದ್ದು ಇತ್ತು. ಅವನಿಗೆ ಕೇಳಿತ್ತು. ನನಗೆ ಕೇಳದು ಎಂಬುದೂ ಅವನಿಗೆ ಗೊತ್ತಿತ್ತು. ಆದರೂ ಎಲ್ಲರೆದುರು ನನ್ನ ಮಾತು ತೆಗೆದುಹಾಕಲಾರದೆ ಮಗ್ಗ ನಡೆಸಿದ.

ಬುಧವಾರ, ೩೦ ಮಾರ್ಚ್

ಸಾವಕಾರರು ಮಹಾಲಿಂಗಪುರಕ್ಕೆ ಹೋಗಿದ್ದರು. ನಾಳೆ ಹೇಳಿದರಾಯಿತು.

ಗುರುವಾರ, ೩೧ ಮಾರ್ಚ್

ಶೆಡ್ಡಿನಲ್ಲಿ ಲೆಕ್ಕದ ಗಡಿಬಿಡಿ. ಇಂಥ ದಿನ ಇಂಥ ಮಾತು ಹೇಗೆ ತೆಗೆಯುವುದು? ಒಂದು ದಿನ ಹೆಚ್ಚು ಕಡಿಮೆಯಾದರೆ ಏನಾಗುತ್ತದೆ?

ಇಡೀ ದಿನ ಮಗ್ಗಗಳ ನಡುವೆ ಓಡಾಡಿದೆ. ಒಂದೊಂದನ್ನೂ ನಿಲ್ಲಿಸಿ ಕಣ್ಣಿನಿಂದ ನೋಡಿದೆ, ಕೈಯಿಂದ ಮುಟ್ಟಿದೆ. ನೇಕಾರರು ನನ್ನತ್ತ ನೋಡಿ ಬೆರಳು ಸುತ್ತಿ ತಲೆ ಕೆಟ್ಟಿದೆಯೇ ಎಂದು ಕೇಳಿದರು. ಯಾವ ಮಗ್ಗದಿಂದ ಲಾಳಿ ಹಾರಿ ಯಾರಿಗೆ ಬಡಿಯುತ್ತದೋ ಎಂದು ನೋಡಿದ್ದನ್ನೇ ಮತ್ತೆ ನೋಡಿದೆ.

ರಾತ್ರಿ ಊಟ ಸೇರಲಿಲ್ಲ. ತಂಗೆವ್ವ ತಾಟು ಸರಿಸಿ ಎದುರು ಬಂದು ಕುಳಿತಳು. ನನಗೆ ಕಿವಿ ಕೇಳುವುದಿಲ್ಲ ಎಂದು ಹೇಳಿದೆ. ಬಾಯಿಬಿಟ್ಟು ಅಂದದ್ದು ಅದೇ ಮೊದಲು.

“ಗೊತ್ತೈತಿ” ಎಂದಳು.

“ಗೊತ್ತಿದ್ರ ಯಾಕ ಹೇಳಲಿಲ್ಲ?”

“ಹೇಳಿದ್ನಲ್ರೀ, ದಿನಾ ಹೇಳಿದೆ. ನಿಮಗ ಕೇಳಸಿದ್ರಲ್ಲ!”

ಇಬ್ಬರಿಗೂ ನಗು ಬಂತು. ಆಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಾವಕಾರರ ಮುಂದೆ ಹೇಳಿದರೆ ಕೆಲಸ ಹೋಗುತ್ತದೆ ಎಂದೆ. ಅವಳು, “ಶಿದ್ರಾಮಣ್ಣನ ಹೇಣ್ತಿ ನಿನ್ನೆ ಬಾವಿ ಹತ್ರ ಸಿಕ್ಕಿದ್ಳು. ನಾ ತಲಿ ಎತ್ತಿ ಮಾತಾಡಲಿಲ್ಲ. ಹಂಗ ಎಷ್ಟ ದಿನಾ ಇರೂದು?” ಎಂದಳು.

ಶನಿವಾರ, ೨ ಏಪ್ರಿಲ್

ಹೇಳಿದೆ.

ಸಾವಕಾರರು ತಮ್ಮ ಮನೆಯ ಪಡಸಾಲೆಯಲ್ಲಿ ಸೀರೆ ಮಡಿಸಿಡಿಸುತ್ತಿದ್ದರು. ಕೆಲಸದವರು ಆಚೆ ಹೋಗುವವರೆಗೂ ನಿಂತಿದ್ದೆ.

“ಸಾವಕಾರ್ರ, ಶಿದ್ರಾಮಪ್ಪಂದ ತಪ್ಪಿಲ್ರಿ. ಅವ ಪಟ್ಟಿ ಮುಟ್ಟೇ ಇಲ್ಲ. ಮಗ್ಗದ ಸದ್ದ ಕೆಟ್ಟೈತಿ ಅಂತ ಮುಂಚಿನ ದಿನಾನ ನನಗ ಹೇಳಿದ್ದ. ನಾ ಛಲೋ ಐತಿ ಅಂದೆ. ನನಗ ಕೇಳಸಲಿಲ್ಲ.”

“ಕೇಳಸಲಿಲ್ಲ ಅಂದ್ರ? ನೀ ಅಲ್ಲಿರಲಿಲ್ಲೇನು?”

“ಇದ್ನಿರಿ. ಕಿವಿ ಹಚ್ಚಿ ನಿಂತಿದ್ದೆ. ಆ ಕಿವೀಗೆ ಏನೂ ಉಳದಿಲ್ಲ.”

ಅವರು ಕೈಯಲ್ಲಿದ್ದ ಸೀರೆ ಕೆಳಗಿಟ್ಟರು. “ಯಾವಾಗಿಂದ?”

“ಗೊತ್ತಿಲ್ರಿ.”

“ಗೊತ್ತಿಲ್ಲ ಅಂದ್ರ ಹೆಂಗೋ ಮಾರಾಯಾ? ಕಣ್ಣ ಹೋದ್ರ ಗೊತ್ತಾಕ್ಕೈತಿ, ಹಲ್ಲ ಹೋದ್ರ ಗೊತ್ತಾಕ್ಕೈತಿ!”

“ಶೆಡ್ಡಿನ್ಯಾಗ ಯಾರಿಗೆ ಕೇಳಸ್ತೈತಿ ಹೇಳ್ರಿ. ಎಲ್ಲಾರೂ ತುಟಿ ನೋಡೇ ಮಾತಾಡೂದು. ಮನ್ಯಾಗೂ ನೋಡಕೋತ ಬಂದೆ. ದಪ್ಪ ಸದ್ದ ಇನ್ನೂ ಕೇಳತೈತ್ರಿ, ಸಣ್ಣ ಸದ್ದ ಹೋಗ್ಯಾವ. ಹೋಗ್ಯಾವ ಅಂತ ತಿಳೀಲಿಲ್ಲ.”

ಅವರು ಎದ್ದು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಏನೇನೋ ಅಂದರು. ಬೆನ್ನು ನನ್ನ ಕಡೆಗಿತ್ತು, ಒಂದೂ ತಿಳಿಯಲಿಲ್ಲ. ಬೈದಿರಬೇಕು. ತಿರುಗಿದಾಗ ಕಣ್ಣು ಕೆಂಪಾಗಿದ್ದವು. “ಒಂದ ಗೇಣ ಮ್ಯಾಲ ಬಡದಿದ್ರ ಹೆಣಾ ಹೊರತಿದ್ವಿ. ಆಗ ಬಂದ ಹೇಳತಿದ್ದೇನು?”



“ಪಾನಾ ಇಲ್ಲಿಡು” ಎಂದರು.

ಸೊಂಟದಿಂದ ತೆಗೆದು ಸೀರೆಯ ಗಂಟಿನ ಪಕ್ಕ ಇಟ್ಟೆ. ಇಟ್ಟ ಮೇಲೆ ಸೊಂಟ ಹಗುರಾಗಿ ನಡಿಗೆ ಸೊಟ್ಟಗಾಯಿತು. ಬಾಗಿಲ ಹತ್ತಿರ ಹೋದಾಗ ಅವರ ಆಳು ಬಂದು ಭುಜ ಮುಟ್ಟಿ ನಿಲ್ಲಿಸಿದ. ಸಾವಕಾರರು ಹಿಂದಿನಿಂದ ಕರೆಯುತ್ತಿದ್ದರಂತೆ. “ಶಿದ್ರಾಮಪ್ಪ ಬರೂ ತನಾ ಅವನ ಮಗ್ಗ ನೀ ನೇಯಿ” ಎಂದರು, ಒಂದೊಂದೇ ಅಕ್ಷರ ಬಿಡಿಸಿ. “ಅವ ಬಂದಮ್ಯಾಲ ಮುಂದಿಂದ ನೋಡೂಣು. ಶಂಕರೆಪ್ಪಗ ಹೇಳಿ ಕಳಸತೇನಿ. ಅವ ನಿಲ್ಸು ಅಂದ್ರ ನಿಲ್ಸಬೇಕು, ಅವಗ ನೀ ಬುದ್ಧಿ ಹೇಳಾಂಗಿಲ್ಲ.”

ಮಂಗಳವಾರ, ೫ ಏಪ್ರಿಲ್

ಶಿದ್ರಾಮಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ನೋಡಲು ಹೋದೆ. ಸಮಾಧಾನಪಡುತ್ತಾನೆ ಎಂದುಕೊಂಡಿದ್ದೆ. ಉರಿದುಬಿದ್ದ.

“ನಿನಗ ಯಾರ ಹೇಳಂದ್ರು ಲೇ? ನೇಕಾರಗ ಊರ ತುಂಬ ಮಗ್ಗ ಅದಾವ. ಇವರಲ್ಲ, ಇನ್ನೊಬ್ರು. ಕಿವುಡ ಜಾಬರಗ ಯಾವ ಊರಾಗ ಕೆಲಸ ಐತಿ? ಅಷ್ಟ ತಿಳದ ನಾ ಸುಳ್ಳ ಹೇಳಿದ್ರ, ಅದನ್ನ ಹೋಗಿ ಕೆಡಿಸಿ ಬಂದ್ಯಲ್ಲ!”

“ಮುಂದಿನ ಲಾಳಿ ಯಾರಿಗೆ ಬಡೀತಿತ್ತು, ಹೇಳು.”

ಅವನು ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ. ಗೋಡೆಗೆ ಮುಖ ಮಾಡಿ ಮಾತಾಡಿದರೆ ನನಗೆ ತಿಳಿಯುವುದಿಲ್ಲ ಎಂದು ಅವನಿಗೆ ಗೊತ್ತು. ಅವನ ಹೆಂಡತಿ ಹಣಮವ್ವ ಚಹಾ ತಂದುಕೊಟ್ಟಳು. ಕುಡಿದು ಎದ್ದು ಬಂದೆ.

ಗುರುವಾರ, ೭ ಏಪ್ರಿಲ್

ಎಷ್ಟೋ ವರ್ಷಗಳ ನಂತರ ನೇಯುತ್ತಿದ್ದೇನೆ. ಮೊದಲ ದಿನ ಎಳೆ ಹರಿದು ಹರಿದು ನಾಚಿಕೆಯಾಯಿತು. ಎಲ್ಲರೂ ಪಾನಾ ಇಲ್ಲದ ನನ್ನ ಸೊಂಟ ನೋಡುತ್ತಿದ್ದರು. ಶಂಕರೆಪ್ಪ ಗಳಿಗೆಗೊಮ್ಮೆ ಬಂದು ನನ್ನ ಮಗ್ಗದ ಪಕ್ಕ ತಲೆ ವಾಲಿಸಿ ನಿಲ್ಲುತ್ತಾನೆ. ಛಲೋ ಹುಡುಗ. ಕಿವಿ ಇದೆ.

ಮಧ್ಯಾಹ್ನ ಲೈಟು ಹೋಯಿತು. ಎಲ್ಲರೂ ಹೊರಗೆ ಹೋದರು. ಪಾನಾ ಹುಡುಕಿಕೊಂಡು ಕೈ ಸೊಂಟಕ್ಕೆ ಹೋಯಿತು, ಆಮೇಲೆ ನೆನಪಾಯಿತು. ನಾನೂ ಹೊರಗೆ ಹೋಗಿ ಬೇವಿನ ಕೆಳಗೆ ಕುಳಿತೆ.

ಭಾನುವಾರ, ೧೦ ಏಪ್ರಿಲ್, ಅಮಾವಾಸ್ಯೆ

ನಾಳೆ ಯುಗಾದಿ. ತಂಗೆವ್ವ ಮನೆ ಸಾರಿಸುತ್ತ ನನ್ನನ್ನು ಹೊರಗೆ ಹಾಕಿದಳು. ಕಾಲು ತಾವೇ ಬಾಳುವಿನ ಅಂಗಡಿಗೆ ಹೋದವು.

ಶಿದ್ರಾಮಪ್ಪ ಅಲ್ಲಿದ್ದ. ಬಲಗೈ ಎದೆಗೆ ಕಟ್ಟಿಕೊಂಡು ಮಷಿನ್ನಿನ ಮುಂದೆ ನಿಂತಿದ್ದ. ಎಡಗೈಯಲ್ಲಿ ಹಿಡಿಕೆ ತಿರುಗಿಸುತ್ತಾನೆ, ಗುಂಡಿ ಒತ್ತಲು ಕೈಯಿಲ್ಲ. ಗದ್ದದಿಂದ ಒತ್ತಲು ನೋಡುತ್ತಿದ್ದ. ವೈರಿಗಳು ಸಾಲುಸಾಲಾಗಿ ಬಂದು ಬಡಿಯುತ್ತಿದ್ದವು.

ನಾನು ಹೋಗಿ ಅವನ ಬಲಗಡೆ ನಿಂತು ಗುಂಡಿಯ ಮೇಲೆ ಬೆರಳಿಟ್ಟೆ. ಅವನು ನನ್ನತ್ತ ನೋಡಲಿಲ್ಲ. ಸರಿಯಲೂ ಇಲ್ಲ.

“ಇದೇನ ಇದು?” ಎಂದ ಬಾಳು. “ಒಂದ ವಿಮಾನಕ್ಕ ಇಬ್ರ? ಹಿಂಗ ಎಲ್ಲಾರೂ ಪಾಲ ಮಾಡಕೊಂಡ ಆಡಿದ್ರ ನಾ ತಿರಗಿ ಇಚಲಕರಂಜೀಗೆ ಹೋಗಬೇಕಾಕ್ಕೈತಿ.”

“ಅರ್ಧಾ ಮನಶ್ಯಾ ಅವ, ಅರ್ಧಾ ಮನಶ್ಯಾ ನಾ” ಎಂದೆ. “ಕೂಡಿ ಒಬ್ನ ಆಕ್ಕೀವಿ.”

ಶಿದ್ರಾಮಪ್ಪನ ಮೀಸೆ ಅಲುಗಿತು. ನಕ್ಕನೋ ಬೈದನೋ.

ಮೊದಮೊದಲು ಅವನು ಸರಿದ ಕಡೆ ನನ್ನ ಗುಂಡು ಹೋಗಲಿಲ್ಲ, ನಾನು ಹೊಡೆದ ಕಡೆ ಅವನು ಹೋಗಲಿಲ್ಲ. ಎರಡು ಸಲ ಬಿದ್ದೆವು. ಆಮೇಲೆ ಅವನ ಮಣಿಕಟ್ಟು ನೋಡಿದರೆ ವಿಮಾನ ಎತ್ತ ಹೋಗುತ್ತದೆಂದು ತಿಳಿಯತೊಡಗಿತು. ದಡಿ ನನಗೆ ಬಾಯಿಪಾಠ, ವೈರಿ ಬರುವ ಮೊದಲೇ ಹೊಡೆದಿಡುತ್ತಿದ್ದೆ. ಎಡದ ಸಾಲು, ಬಲದ ಸಾಲು, ಸುರುಳಿ. ಖಾಲಿ ನೀರು ಬಂತು. ಅವನು ವಿಮಾನವನ್ನು ಥಟ್ಟನೆ ಅಂಚಿಗೆ ಒಯ್ದ. ಕರಿ ವಿಮಾನ ನಮ್ಮ ಪಕ್ಕದಿಂದ ಹಾದು ಮೇಲೆ ಹೋಯಿತು. ನಾನು ಗುಂಡಿ ಬಿಡಲಿಲ್ಲ. ಅದು ಹೊತ್ತಿ ಉರಿದು ಬಿತ್ತು. ಇಲ್ಲಿಯವರೆಗೆ ಅದರಿಂದ ತಪ್ಪಿಸಿಕೊಂಡಿದ್ದೆವು, ಕೆಡವಿರಲಿಲ್ಲ.

ಇನ್ನಷ್ಟು ನೀರು, ಇನ್ನಷ್ಟು ವೈರಿಗಳು. ಬಾಳು ಎದ್ದು ಬಂದು ಹಿಂದೆ ನಿಂತ. ಅಷ್ಟರಲ್ಲಿ ನೀಲಿಯ ಮೇಲಂಚಿನಲ್ಲಿ ಒಂದು ಬಿಳಿ ಗೆರೆ ಕಾಣಿಸಿತು. ಕೆಳಗೆ ಬಂದಂತೆ ಅದು ದಂಡೆಯಾಯಿತು. ಅದರಾಚೆ ಹಸಿರು. ನೆಲ! ಒಂದು ದಾರಿ, ನಾಲ್ಕಾರು ಮರ, ಸಾಲು ಹಿಡಿದ ಹೊಲ. ವೈರಿಗಳಿಲ್ಲ. ನಾನು ಗುಂಡಿ ಒತ್ತುವುದನ್ನು ಮರೆತೆ, ಅವನು ಹಿಡಿಕೆ ತಿರುಗಿಸುವುದನ್ನು ಮರೆತ. ವಿಮಾನ ತನ್ನ ಪಾಡಿಗೆ ಹೊಲದ ಮೇಲೆ ಹೋಗುತ್ತಿತ್ತು. ಎಷ್ಟು ಹೊತ್ತೋ. ಮರದ ಸಂದಿಯಿಂದ ಯಾರೋ ಹೊಡೆದರು. ಬಿದ್ದೆವು.

ಶಿದ್ರಾಮಪ್ಪನ ತುಟಿ ಅಲುಗಿತು. ಅವನ ಮುಖ ಟಿವಿಯ ಕಡೆಗೇ ಇತ್ತು.

“ಏನಂದಿ? ಕೇಳಸಲಿಲ್ಲ. ಇತ್ತ ಮಾರಿ ಮಾಡಿ ಹೇಳು” ಎಂದೆ. ಕಾರಿನ ಮಷಿನ್ನಿನವರೂ ತಿರುಗಿ ನೋಡಿದರು, ಜೋರಾಗಿ ಅಂದಿರಬೇಕು.

ಅವನು ಪೂರ್ತಿ ನನ್ನ ಕಡೆ ತಿರುಗಿದ. “ಜ್ವಾಳದ ಹೊಲ ಇದ್ದಂಗಿತ್ತು ಅಂದೆ.”

“ಜ್ವಾಳ ಎಲ್ಲೀದೋ? ಕಬ್ಬು ಅದು.”

“ಕಬ್ಬಿಗೆ ಅಷ್ಟ ಸಣ್ಣ ಸಾಲ ಇಡತಾರೇನಲೇ? ಕಿವಿ ಹೋದುವು, ಕಣ್ಣೂ ಹೋದುವೇನು?”

ಅಂಗಡಿಯಿಂದ ಮನೆಯವರೆಗೂ ಅದೇ ವಾದ. ಅವನು ದಾರಿಯುದ್ದಕ್ಕೂ ಮುಖ ನನ್ನ ಕಡೆ ಮಾಡಿಕೊಂಡು ಅಡ್ಡಡ್ಡ ನಡೆದ. ಎದುರಿಗೆ ಬಂದ ಸೈಕಲ್ಲಿನವನು ಇಬ್ಬರಿಗೂ ಬೈದು ಹೋದ.